ಅಗಲಿದವರ ಕಲ್ಲುಗಳು

ನಮ್ಮ ನಾಡಿನಲ್ಲಿ ಕೆರೆಯ ಏರಿಯ ಮೇಲೋ ಹಾಳುಗುಡಿಯ ಪಕ್ಕದಲ್ಲೋ ವೀರಗಲ್ಲನ್ನು ಕಾಣದವರು ವಿರಳ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಡೆ ಕಾಳಗ, ನಡುವೆ, ಮಡಿದವನನ್ನು ಎರಡು ಬದಿಯಿಂದಲೂ ಹಿಡಿದು ಮೇಲಕ್ಕೊಯ್ಯುವ ಸುರಾಂಗನೆಯರು, ಎಲ್ಲಕ್ಕೂ ಮೇಲೆ, ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಇತಿಹಾಸಕಾರರು ಈ ಕಲ್ಲುಗಳಲ್ಲಿ ಅರಸರ ಹೆಸರನ್ನೂ ಯುದ್ಧದ ಕಾಲವನ್ನೂ ಹುಡುಕುತ್ತಾರೆ; ಅದು ಯುಕ್ತವೇ. ಆದರೆ ಮನೆಗೆ ಮರಳದ ಮಗ ಈಗೆಲ್ಲಿದ್ದಾನೆಂದು ಹಲುಬಿದ ತಾಯಿಗೆ ಆ ಕಲ್ಲು ಬೇರೊಂದು ಮಾತನ್ನು ಹೇಳುತ್ತಿತ್ತು. ಆಕೆ ಅಕ್ಷರ ಬಲ್ಲವಳಾಗಬೇಕಿರಲಿಲ್ಲ. ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದರೆ ಸಾಕಾಗಿತ್ತು.

ಆ ಕಾಲದವರು ಬರಿಯ ಸ್ವರ್ಗದ ಮಾತಿನಿಂದಲೇ ತೃಪ್ತರಾಗಲಿಲ್ಲವೆಂಬುದನ್ನೂ ಗಮನಿಸಬೇಕು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಹೋದವನಿಗೆ ಸುರಲೋಕ, ಉಳಿದವರಿಗೆ ಅನ್ನ. ಎರಡೂ ಸೇರಿದಾಗಲೇ ಸಾಂತ್ವನ ಪೂರ್ಣವಾಗುತ್ತಿತ್ತು.

ಜೈನರ ನಿಸಿದಿಗಲ್ಲುಗಳ ದಾರಿ ಬೇರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ 1889ರಲ್ಲಿ ಅಚ್ಚಾದುವು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಸಮಾಧಿಮರಣದ ಸುದ್ದಿ. ಇಲ್ಲಿ ಅಪ್ಸರೆಯರಿಗಿಂತ ಹೋದವರ ಮನಃಸ್ಥೈರ್ಯವೇ ಮುಖ್ಯ. ಅವರು ಹೆದರದೆ, ಎಚ್ಚರ ತಪ್ಪದೆ ಹೋದರು ಎಂಬ ಅರಿವೇ ಬಂಧುಗಳಿಗೆ ಸಮಾಧಾನ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ನೋಡಿ. ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ಶೂರ ಆತ. ತಾಯಿ ಪೋಚವ್ವೆಗಾಗಿ ಚಂದ್ರಗಿರಿಯ ಮೇಲೆ ಕತ್ತಲೆ ಬಸದಿಯನ್ನು ಕಟ್ಟಿಸಿದನು. ಮುಂದೆ ಹೆಂಡತಿ ಲಕ್ಷ್ಮೀಮತಿ ತೀರಿಕೊಂಡಾಗ ಅದೇ ಬೆಟ್ಟದಲ್ಲಿ ಆಕೆಯ ನಿಸಿದಿಯನ್ನು ನಿಲ್ಲಿಸಿದನು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆಗಿದ್ದ ಆಸಕ್ತಿಯನ್ನು ಶಾಸನ ಕೊಂಡಾಡುತ್ತದೆ. ಆಕೆ ಎಲ್ಲಿಗೆ ಹೋದಳೆಂಬುದರಷ್ಟೇ, ಹೇಗೆ ಬಾಳಿದಳೆಂಬುದೂ ಆ ಗಂಡನಿಗೆ ದೊಡ್ಡದಾಗಿತ್ತು.

ಹಾಗೆಂದು ಧರ್ಮ ಎಲ್ಲರ ದುಃಖವನ್ನೂ ಒರಸಿಬಿಟ್ಟಿತೆಂದು ಹೇಳುವುದು ಸುಳ್ಳಾದೀತು. ಪಟ್ಟದರಸಿ ಶಾಂತಲದೇವಿ ಕ್ರಿ. ಶ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆಯ ತಾಯಿ ಮಾಚಿಕಬ್ಬೆ ಮಗಳನ್ನು ಬಿಟ್ಟು ಉಳಿಯಲಾರದೆ ಬೆಳಗೊಳಕ್ಕೆ ಬಂದು, ಸನ್ಯಸನ ವ್ರತವನ್ನು ಹಿಡಿದು, ಒಂದು ತಿಂಗಳ ಉಪವಾಸದಿಂದ ದೇಹವನ್ನು ಬಿಟ್ಟಳು. ಶಾಸನ ಅದನ್ನು ವ್ರತವೆಂದೇ ಹೊಗಳುತ್ತದೆ. ಆದರೆ ಆ ಹೊಗಳಿಕೆಯ ಹಿಂದೆ ಹೆತ್ತ ಕರುಳಿನ ಸಂಕಟವೂ ನಮಗೆ ಕೇಳಿಸದಿರದು. ಮಗಳು ಸದ್ಗತಿ ಹೊಂದಿದಳೆಂಬ ನಂಬಿಕೆ ಆ ತಾಯಿಯನ್ನು ಲೋಕದಲ್ಲಿ ಉಳಿಸಿಕೊಳ್ಳಲಾರದೆ ಹೋಯಿತು.

ಎರಡು ವರ್ಷಗಳ ಮೇಲೆ, 1133ರಲ್ಲಿ, ಗಂಗರಾಜನೂ ಕಣ್ಮರೆಯಾದನು. ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಕೊಂಡೊಯ್ದರು. ಅದೇ ಸಮಯದಲ್ಲಿ ವಿಷ್ಣುವರ್ಧನ ಶತ್ರುವನ್ನು ಗೆದ್ದಿದ್ದನು. ಅವನಿಗೆ ಗಂಡುಮಗು ಹುಟ್ಟಿತ್ತು. ಹಿಗ್ಗಿದ ದೊರೆ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು.

ಒಬ್ಬನ ಸಾವಿಗಾಗಿ ಎದ್ದ ಬಸದಿಯ ದೇವರು ಹೀಗೆ ಒಂದು ಮಗುವಿನ ಹುಟ್ಟಿನ ಸಂತೋಷವನ್ನೂ ಹೆಸರಿನಲ್ಲಿ ಹೊತ್ತನು. ತಂದೆಯನ್ನು ಕಳೆದುಕೊಂಡ ಬೊಪ್ಪನಿಗೆ ಆಗ ಏನನ್ನಿಸಿತೋ ಶಾಸನ ಹೇಳುವುದಿಲ್ಲ. ಬಸದಿಯಂತೂ ಇಂದಿಗೂ ಹಳೇಬೀಡಿನಲ್ಲಿ ನಿಂತಿದೆ. ಹೊಯ್ಸಳೇಶ್ವರ ಗುಡಿಯನ್ನು ನೋಡಿ ಬೇಗನೆ ಹಿಂದಿರುಗುವ ಯಾತ್ರಿಕರು ಅತ್ತಲೂ ನಾಲ್ಕು ಹೆಜ್ಜೆ ಹಾಕಿ, ಮಗನೊಬ್ಬ ತಂದೆಗಾಗಿ ಮಾಡಿದ ಕೆಲಸವನ್ನು ಕಂಡುಬರಬೇಕು.