ಕಾಳಗದ ಮಾತುಗಳು: ಇಂಗ್ಲಿಷಿನಲ್ಲಿಯೂ ವಿಯೆಟ್ನಾಮೀ ಭಾಷೆಯಲ್ಲಿಯೂ

ಇಂಗ್ಲಿಷನ್ನು ಕಲಿಯಹೊರಟ ವಿಯೆಟ್ನಾಮೀ ವಿದ್ಯಾರ್ಥಿಗೆ ಯುದ್ಧಸಂಬಂಧವಾದ ಶಬ್ದಗಳನ್ನು ಜೋಡಿಪಟ್ಟಿಯಾಗಿ ಕೊಡುವುದುಂಟು: ಒಂದು ಕಡೆ ಪರಭಾಷೆಯ ಮಾತು, ಎದುರಿಗೆ ಅವನ ಮಾತು. ಫೈಟ್, ಬ್ಯಾಟಲ್, ಕಾಂಬ್ಯಾಟ್, ಕಾನ್‌ಫ್ಲಿಕ್ಟ್, ವಾರ್ ಎಂಬ ಐದೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುವು. ಇವುಗಳಲ್ಲಿ ಮನೆಯದು ಯಾವುದು, ಗೆದ್ದು ಬಂದವರು ತಂದುದು ಯಾವುದು ಎಂಬುದು ಪಟ್ಟಿಯಿಂದ ತಿಳಿಯುವಂತಿಲ್ಲ. ಇದೊಂದು ದೊಡ್ಡ ಕೊರತೆ. ಏಕೆಂದರೆ ಈ ಎರಡು ಭಾಷೆಗಳ ಕಾಳಗದ ಮಾತುಗಳೂ ಪರರಾಜ್ಯಕ್ಕೆ ಅಧೀನವಾಗಿದ್ದ ಕಾಲದಲ್ಲಿಯೇ ಬಹುಮಟ್ಟಿಗೆ ರೂಪುಗೊಂಡಿವೆ. ಆ ಚರಿತ್ರೆಯನ್ನರಿತ ವಿದ್ಯಾರ್ಥಿಗೆ ಇಂಗ್ಲಿಷಿನ ವ್ಯವಸ್ಥೆ ಅಪರಿಚಿತವೆನಿಸದು.

ಕ್ರಿ. ಶ. 1066ರಲ್ಲಿ ಹೇಸ್ಟಿಂಗ್ಸ್ ಕಾಳಗದಲ್ಲಿ ನಾರ್ಮನ್ನರು ಗೆದ್ದರು. ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಯುದ್ಧವನ್ನು ಹೇಳುವುದಕ್ಕೆ ಮಾತುಗಳ ಬಡತನವಿರಲಿಲ್ಲ. ವೀಗ್, ಗೂಥ್, ಹಿಲ್ಡ್, ಬೆಅದು ಎಂಬ ಶಬ್ದಗಳು ಪ್ರಾಚೀನ ವೀರಕಾವ್ಯಗಳಲ್ಲಿ ಧಾರಾಳವಾಗಿ ಬರುತ್ತವೆ. ಇಂದು ಇವೆಲ್ಲ ಲುಪ್ತವಾಗಿವೆ. ಹಿಲ್ಡಾ, ಈಡಿತ್ ಎಂಬ ಹೆಂಗಸರ ಹೆಸರುಗಳಲ್ಲಿ ಮಾತ್ರ ಎರಡರ ಕುರುಹು ಉಳಿದಿದೆ. ಅವುಗಳ ಸ್ಥಾನಕ್ಕೆ ಫ್ರೆಂಚಿನಿಂದ ಆರ್ಮಿ, ಬ್ಯಾಟಲ್, ಸೀಜ್, ಎನಿಮಿ, ಸೋಲ್ಜರ್ ಮೊದಲಾದುವು ಬಂದುವು. ಸೋಲ್ಜರ್ ಎಂದರೆ ಮೂಲತಃ ಸಂಬಳಕ್ಕೆ ಕಾದುವವನು. ಹಗೆಯನ್ನು ಹೇಳುತ್ತಿದ್ದ ಹಳೆಯ ಮಾತೊಂದು ಫೀಂಡ್ ಎಂದಾಗಿ ಪಿಶಾಚಿಗೆ ಹೆಸರಾಯಿತು. ಕೈಯಲ್ಲಿ ಹಿಡಿಯುವ ಕತ್ತಿ, ಗುರಾಣಿ, ಈಟಿ, ಬಿಲ್ಲು, ಬಾಣಗಳ ಹೆಸರುಗಳು ಮಾತ್ರ ದೇಶ್ಯವಾಗಿಯೇ ಉಳಿದುವು. ಹೊಡೆದಾಡುವ ಕ್ರಿಯೆಗೆ ಫೈಟ್ ಎಂಬುದೂ ಹಾಗೆಯೇ ಉಳಿಯಿತು. ಸೇನೆಯ ಏರ್ಪಾಡು ಒಡೆಯರ ಭಾಷೆಗೆ ಸೇರಿತು, ಆಯುಧ ಆಳುಗಳ ಭಾಷೆಯಲ್ಲಿ ಉಳಿಯಿತು ಎನ್ನಬಹುದು.

ವಾರ್ ಎಂಬ ಶಬ್ದದ ಸಂಗತಿ ಇನ್ನೂ ವಿಚಿತ್ರವಾದುದು. ಇದು ಗೊಂದಲ, ಕಲಹ ಎಂಬರ್ಥದ ಜರ್ಮಾನಿಕ್ ಮಾತು. ಫ್ರಾನ್ಸಿಗೆ ಹೋಗಿ, ಅಲ್ಲಿನ ಉತ್ತರಭಾಗದ ಉಚ್ಚಾರವನ್ನು ಪಡೆದು, ನಾರ್ಮನ್ನರೊಡನೆ ಇಂಗ್ಲೆಂಡಿಗೆ ಬಂದಿತು. ಅದೇ ಮಾತು ಸ್ಪೇನಿನಲ್ಲಿ ಗೆರ್ರ ಎಂದಾಗಿ, ‘ಸಣ್ಣ ಯುದ್ಧ’ ಎಂಬರ್ಥದ ಗೆರಿಲ್ಲ ಎಂಬ ರೂಪದಲ್ಲಿ ನೆಪೋಲಿಯನ್ನನ ವಿರುದ್ಧ 1808ರಲ್ಲಿ ತೊಡಗಿದ ಹೋರಾಟದ ಕಾಲದಲ್ಲಿ ಇಂಗ್ಲಿಷನ್ನು ಎರಡನೆಯ ಸಲ ಹೊಕ್ಕಿತು.

ವಿಯೆಟ್ನಾಮೀ ಭಾಷೆಯಲ್ಲಿ ಇದಕ್ಕೆ ಸರಿಹೋಲುವ ಜೋಡಿಗಳುಂಟು. ಕ್ರಿ. ಪೂ. 111ರಲ್ಲಿ ಹಾನ್ ಚಕ್ರವರ್ತಿಯ ಸೇನೆ ಆ ನಾಡನ್ನು ವಶಪಡಿಸಿಕೊಂಡಿತು, ಕ್ರಿ. ಶ. 938ರಲ್ಲಿ ಬಾಕ್ ದಾಂಗ್ ನದಿಯಲ್ಲಿ ಙೋ ಕ್ವೆನನು ಗೆಲ್ಲುವ ತನಕ, ನಡುನಡುವೆ ದಂಗೆಗಳೆದ್ದರೂ, ಚೀನೀಯರ ಆಳ್ವಿಕೆ ಮುಂದುವರಿಯಿತು. ಈ ದೀರ್ಘಾವಧಿಯಲ್ಲಿ ಚೀನೀ ಶಬ್ದಗಳು ಎರಡು ಬಗೆಯಾಗಿ ಬಂದುವು. ಬಹು ಹಿಂದೆ ಬಾಯಿಂದ ಬಾಯಿಗೆ ಬಂದುವು ನಾಡುನುಡಿಯಲ್ಲಿ ಸವೆದು ಬೆರೆತುಹೋದುವು; ಟಾಂಗ್ ವಂಶದ ಕಾಲದಲ್ಲಿ ಗ್ರಂಥೋಚ್ಚಾರದೊಡನೆ ಬಂದುವು ಪಂಡಿತರ ಮಾತುಗಳಾದುವು. ನಮ್ಮ ವೈಯಾಕರಣರು ಕಂಡಿದ್ದರೆ ಮೊದಲನೆಯವನ್ನು ತದ್ಭವವೆಂದೂ ಎರಡನೆಯವನ್ನು ತತ್ಸಮವೆಂದೂ ಕರೆಯುತ್ತಿದ್ದರು. ಜೋದ, ಯೋಧ ಎಂಬುವುಗಳ ಸಂಬಂಧವೇ ಅಲ್ಲಿಯೂ ಇದೆ. ಶತ್ರುವನ್ನು ಹೇಳುವ ‘ಜಕ್’ ಎಂಬ ಆಡುಮಾತೂ ‘ತಕ್’ ಎಂಬ ಗ್ರಾಂಥಿಕ ರೂಪವೂ ಕಳ್ಳನೆಂಬರ್ಥದ ಒಂದೇ ಚೀನೀ ಶಬ್ದದಿಂದ ಹುಟ್ಟಿದುವು. ಎರಡನೆಯದು ಕಡಲ್ಗಳ್ಳ ಮೊದಲಾದ ಸಮಾಸಗಳಲ್ಲಿ ಮಾತ್ರ ಬರುತ್ತದೆ.

ಕತ್ತಿಯ ಹೆಸರಾದ ‘ಗುವಮ್’, ‘ಕಿಯೆಮ್’ ಎಂಬುವೂ ಇಂತಹ ಜೋಡಿಯೇ. ಹನೋಯ್ ನಗರದ ನಡುವೆ ಇರುವ ಸರೋವರಕ್ಕೆ ಈ ಎರಡು ಹೆಸರುಗಳೂ ಸಂದಿವೆ. ಮಿಂಗ್ ಸೇನೆಯನ್ನು ಹೊರದೂಡಿ 1428ರಲ್ಲಿ ಪಟ್ಟಕ್ಕೆ ಬಂದ ಲೇ ಲೋಯ್ ಎಂಬವನ ದಿವ್ಯಖಡ್ಗವನ್ನು ಅಲ್ಲಿಯ ಆಮೆಯೊಂದು ಮರಳಿ ಪಡೆಯಿತೆಂದು ಐತಿಹ್ಯವಿದೆ. ಆ ಸರೋವರ ಜನರ ಬಾಯಲ್ಲಿ ಹೋ ಗುವಮ್, ಎಂದರೆ ಕತ್ತಿಯ ಕೆರೆ. ಗ್ರಾಂಥಿಕವಾಗಿ ಹ್ವಾನ್ ಕಿಯೆಮ್, ಎಂದರೆ ಹಿಂದಿರುಗಿಸಿದ ಖಡ್ಗದ ಸರೋವರ. ಚೀನೀಯರನ್ನು ಓಡಿಸಿದ ಕತ್ತಿಗೆ ಚೀನೀ ಮೂಲದ ಹೆಸರೇ ಎರಡು ಸಲ ದೊರೆತುದು ಕುತೂಹಲಕರವಾಗಿದೆ.

ಕ್ರಿಯಾಪದದಲ್ಲಿ ಮಾತ್ರ ವಿದ್ಯಾರ್ಥಿ ನಿಜವಾಗಿ ಎಡವುತ್ತಾನೆ. ಅವನ ‘ದಾಞ್’ ಎಂಬ ಧಾತುವಿಗೆ ಹೊಡೆ ಎಂಬುದು ಮೂಲಾರ್ಥ. ಹಗೆಯನ್ನು ಎದುರಿಸುವುದು, ಹಲ್ಲುಜ್ಜುವುದು, ವಾದ್ಯ ನುಡಿಸುವುದು, ಚದುರಂಗವಾಡುವುದು, ಮೀನು ಹಿಡಿಯುವುದು, ಇಷ್ಟಕ್ಕೂ ಅದೊಂದೇ ಸಾಲುತ್ತದೆ. ಇಂಗ್ಲಿಷ್ ಪ್ರತಿಯೊಂದಕ್ಕೂ ಬೇರೆ ಮಾತನ್ನು ಕೇಳುತ್ತದೆ. ಆದರೆ ಬ್ಯಾಟಲ್, ಕಾಂಬ್ಯಾಟ್ ಎಂಬುವುಗಳೂ ಲ್ಯಾಟಿನ್ನಿನ ಹೊಡೆ ಎಂಬ ಧಾತುವಿನಿಂದಲೇ ಬಂದುವು. ಕಾನ್‌ಫ್ಲಿಕ್ಟ್ ಎಂಬುದು ಅದೇ ಅರ್ಥದ ಇನ್ನೊಂದು ಧಾತುವಿನದು. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಅರ್ಧ ಪಟ್ಟಿ ತಾನಾಗಿ ನೆನಪಿನಲ್ಲಿ ನಿಲ್ಲುವುದು. ಫೈಟ್ ವಿತ್ ಎಂಬ ಪ್ರಯೋಗವನ್ನು ಮಾತ್ರ ಎಚ್ಚರದಿಂದ ಕಲಿಸಬೇಕು. ಅದು ಪಕ್ಷದಲ್ಲಿ ನಿಂತು ಕಾದುವುದನ್ನೂ ಎದುರು ನಿಂತು ಕಾದುವುದನ್ನೂ ಹೇಳುತ್ತದೆ. ಕನ್ನಡದ ‘ಅವರೊಡನೆ ಹೋರಾಡಿದನು’ ಎಂಬಲ್ಲಿಯೂ ಅದೇ ಸಂದೇಹ.

ಫ್ರೆಂಚರ ಕಾಲದ ಶಬ್ದಗಳು ಸ್ವಲ್ಪವೇ. 1916ರಲ್ಲಿ ಸೋಮ್ ರಣರಂಗದಲ್ಲಿ ಮೊದಲು ಇಳಿದ ಯಂತ್ರಕ್ಕೆ, ಗುಟ್ಟು ಹೊರಬೀಳದಿರಲೆಂದು, ಇಂಗ್ಲಿಷರು ನೀರಿನ ತೊಟ್ಟಿಯ ಹೆಸರಾದ ಟ್ಯಾಂಕ್ ಎಂಬುದನ್ನಿಟ್ಟರು. ಅದು ಫ್ರೆಂಚಿನ ಮೂಲಕ ವಿಯೆಟ್ನಾಮಿಗೆ ಹೋಗಿ ‘ತಂಗ್’ ಆಯಿತು.

ಕೊನೆಯದಾಗಿ ಯುದ್ಧದ ಹೆಸರಿನ ಪ್ರಶ್ನೆ. 1975ರಲ್ಲಿ ಮುಗಿದ ಯುದ್ಧವನ್ನು ಇಂಗ್ಲಿಷ್ ಪುಸ್ತಕಗಳು ವಿಯೆಟ್ನಾಮ್ ಯುದ್ಧವೆನ್ನುತ್ತವೆ. ತನ್ನ ದೇಶದ ಹೆಸರು ಪರಭಾಷೆಯಲ್ಲಿ ಒಂದು ಯುದ್ಧದ ಹೆಸರಾಗಿರುವುದನ್ನು ವಿದ್ಯಾರ್ಥಿ ಅಲ್ಲಿ ಕಾಣುತ್ತಾನೆ. ಅವನ ಪಾಠಪುಸ್ತಕದಲ್ಲಿ ಅದು ಅಮೆರಿಕವನ್ನೆದುರಿಸಿ ನಾಡನ್ನುಳಿಸಿಕೊಂಡ ಪ್ರತಿರೋಧ. ಪ್ರತಿರೋಧವೆಂಬ ‘ಖಾಂಗ್ ಚಿಯೆನ್’ ಚೀನೀ ಸಮಾಸ. ನಾಡೆಂಬ ‘ನುವಕ್’ ಅಚ್ಚ ದೇಶ್ಯ, ನೀರಿಗೂ ಅದೇ ಹೆಸರು.