ಸರ್ವರ್ ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಅರ್ಜಿದಾರರಿಗೆ ಮಾಹಿತಿ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಸಾರ್ವಜನಿಕರು ಪಹಣಿ, ಮ್ಯುಟೇಶನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ದಸ್ತಾವೇಜು ನೋಂದಣಿ ಮುಂತಾದ ಸೇವೆಗಳಿಗಾಗಿ ಭೂಮಿ, ನಾಡಕಚೇರಿ ಹಾಗೂ ಕಾವೇರಿ ತಂತ್ರಾಂಶಗಳನ್ನು ಅವಲಂಬಿಸಿರುತ್ತಾರೆ. ಸರ್ವರ್ ಉನ್ನತೀಕರಣದ ನಿಮಿತ್ತ ಸೇವೆ ತಾತ್ಕಾಲಿಕವಾಗಿ ಲಭ್ಯವಿರುವುದಿಲ್ಲ ಎಂಬ ಪ್ರಕಟಣೆ ಹೊರಟಾಗ ಒಳಗೆ ನಡೆಯುವ ಕೆಲಸವೇನು, ಆ ಅವಧಿಯಲ್ಲಿ ಮತ್ತು ತದನಂತರ ಅರ್ಜಿದಾರರು ಗಮನಿಸಬೇಕಾದ ಅಂಶಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಾಲೂಕು ಸರ್ವರ್‌ನಿಂದ ದತ್ತಾಂಶ ಕೇಂದ್ರಕ್ಕೆ

2000ದ ದಶಕದ ಆರಂಭದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರವು ಸಿದ್ಧಪಡಿಸಿದ ಭೂಮಿ ತಂತ್ರಾಂಶವನ್ನು ರಾಜ್ಯದ 177 ತಾಲೂಕುಗಳಲ್ಲಿ ಜಾರಿಗೆ ತಂದಾಗ ಪ್ರತಿ ತಾಲೂಕು ಕಚೇರಿಗೂ ಅದರದೇ ಸರ್ವರ್ ಇತ್ತು. ಬೆಳ್ತಂಗಡಿಯ ಯಂತ್ರ ನಿಂತರೆ ಬಂಟ್ವಾಳದ ಕಿಯಾಸ್ಕ್‌ನಲ್ಲಿ ಪಹಣಿ ವಿತರಣೆ ನಿಲ್ಲುತ್ತಿರಲಿಲ್ಲ. ಆದರೆ ಉನ್ನತೀಕರಣವನ್ನು ತಾಲೂಕುವಾರು ಕೈಗೊಳ್ಳಬೇಕಾಗಿತ್ತು. ಘಟ್ಟದ ತಪ್ಪಲಿನ ಊರುಗಳಲ್ಲಿ ಮಳೆಗಾಲದ ವಿದ್ಯುತ್ ವ್ಯತ್ಯಯದ ನಡುವೆ ಇದು ಸುಲಭದ ಕೆಲಸವಲ್ಲ. ಅರ್ಧಕ್ಕೆ ನಿಂತ ಉನ್ನತೀಕರಣವು ಹಳೆಯ ಆವೃತ್ತಿಗಿಂತಲೂ ಕಷ್ಟಕರ ಸ್ಥಿತಿ. ಮುಂದೆ ದತ್ತಾಂಶವು ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕೃತವಾಯಿತು. ಆದ್ದರಿಂದ ಈಗ ಬೆಂಗಳೂರಿನಲ್ಲಿ ಒಂದು ರಾತ್ರಿ ನಡೆಯುವ ಕೆಲಸವು ವಿಟ್ಲ, ವೇಣೂರು, ಕೊಕ್ಕಡ ಹೋಬಳಿಗಳ ಅರ್ಜಿದಾರರನ್ನೂ ಏಕಕಾಲಕ್ಕೆ ತಟ್ಟುತ್ತದೆ.

ಸೇವೆ ನಿಂತ ಪ್ರತಿ ಸಂದರ್ಭಕ್ಕೂ ಉನ್ನತೀಕರಣವೇ ಕಾರಣವಲ್ಲ. 2025ರ ಆರಂಭದಲ್ಲಿ ಕಾವೇರಿ 2.0 ಕುಂಠಿತಗೊಂಡಿದ್ದು ಕೃತಕ ಕೋರಿಕೆಗಳ ಮಹಾಪೂರದ ಸೈಬರ್ ದಾಳಿಯಿಂದ. ಸ್ಥಳೀಯ ಸಂಪರ್ಕ ತಂತಿ ಕಡಿದರೂ ಪರದೆಯ ಮೇಲೆ ಕಾಣುವುದು ಬಹುತೇಕ ಅದೇ ಸಂದೇಶ.

ಉನ್ನತೀಕರಣ ಏಕೆ ಅನಿವಾರ್ಯ

ಲಿನಕ್ಸ್ ಮತ್ತಿತರ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳು ಸಾರ್ವಜನಿಕ ಸೇವಾ ಸರ್ವರ್‌ಗಳಲ್ಲಿ ವ್ಯಾಪಕ ಬಳಕೆಯಲ್ಲಿವೆ. ಡೆಬಿಯನ್ ಆಧಾರಿತ ಬಾಸ್ ಲಿನಕ್ಸನ್ನು ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಿಡುಗಡೆ ಮಾಡಿತು. ಮುಕ್ತ ಆಕರ ತಂತ್ರಾಂಶ ಅಳವಡಿಕೆಯ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿತು. ಪ್ರತಿ ಆವೃತ್ತಿಗೂ ಬೆಂಬಲದ ಅವಧಿ ನಿಗದಿಯಾಗಿರುತ್ತದೆ. ಸೆಂಟ್‌ಓಎಸ್ 7ಕ್ಕೆ ದಿನಾಂಕ 30-6-2024ರಂದು ಬೆಂಬಲ ಕೊನೆಗೊಂಡಿತು. ಅದರ ನಂತರದ ಆವೃತ್ತಿಯಾದ 8ಕ್ಕೆ 2029ರವರೆಗೆ ಎಂದು ಭಾವಿಸಲಾಗಿದ್ದ ಬೆಂಬಲವನ್ನು 2021ರ ಡಿಸೆಂಬರ್ 31ಕ್ಕೇ ಮೊಟಕುಗೊಳಿಸಲಾಯಿತು. ಬೆಂಬಲ ಮುಗಿದ ಮೇಲೂ ಯಂತ್ರ ಓಡುತ್ತಿರುತ್ತದೆ, ಹೊಸದಾಗಿ ಪತ್ತೆಯಾದ ದೋಷಗಳಿಗೆ ಮಾತ್ರ ತಿದ್ದುಪಡಿ ಬರುವುದಿಲ್ಲ. ಓಡುತ್ತಿರುವುದನ್ನು ಮುಟ್ಟುವುದೇಕೆ ಎಂಬ ವಾದ ಕಚೇರಿಗಳಲ್ಲಿ ಆಗಾಗ್ಗೆ ಕೇಳಿಬರುತ್ತದಾದರೂ ಅದನ್ನು ಒಪ್ಪಲಾಗದು.

ಕೆಲಸದ ಅನುಕ್ರಮ

ಮೊದಲನೆಯದು ದತ್ತಾಂಶದ ಪ್ರತಿ. ಪ್ರತಿ ತೆಗೆದರಷ್ಟೇ ಸಾಲದು, ಅದನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ಪರೀಕ್ಷಿಸತಕ್ಕದ್ದು. ಹಾಗೆ ಪರೀಕ್ಷಿಸದ ಪ್ರತಿಯನ್ನು ನಂಬುವಂತಿಲ್ಲ. ನಂತರ ಹಾಲಿ ಆವೃತ್ತಿಯ ಎಲ್ಲ ತಿದ್ದುಪಡಿಗಳನ್ನು ಅಳವಡಿಸಿ, ಹೊಸ ಆವೃತ್ತಿಯ ಪ್ಯಾಕೇಜ್ ಭಂಡಾರವನ್ನು ಸೂಚಿಸಿ, ತಂತ್ರಾಂಶಗಳನ್ನು ಬದಲಾಯಿಸಲಾಗುತ್ತದೆ. ಡೆಬಿಯನ್‌ನಲ್ಲಿ ನಡುವಿನ ಆವೃತ್ತಿಯನ್ನು ಹಾರಿ ಮುಂದಕ್ಕೆ ಹೋಗಲು ಅವಕಾಶವಿಲ್ಲ. 10ರಿಂದ 12ಕ್ಕೆ ಹೋಗಬೇಕಾದರೆ 11ರ ಮೂಲಕವೇ ಹೋಗಬೇಕು. ವರ್ಷಗಟ್ಟಲೆ ಮುಂದೂಡಿದ ಉನ್ನತೀಕರಣಕ್ಕೆ ಹೆಚ್ಚು ಸಮಯ ಹಿಡಿಯಲು ಇದೂ ಒಂದು ಕಾರಣ.

ಹೊಸ ಪ್ಯಾಕೇಜ್ ಡಿಸ್ಕ್‌ನಲ್ಲಿ ಕುಳಿತ ಮಾತ್ರಕ್ಕೆ ಹಳೆಯದು ಹೋಗುವುದಿಲ್ಲ. ಓಡುತ್ತಿರುವ ಸೇವೆಯು ಸ್ಮೃತಿಯಲ್ಲಿರುವ ಹಳೆಯ ಲೈಬ್ರರಿಯನ್ನೇ ಬಳಸುತ್ತಿರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ತಿದ್ದಿದ ಆವೃತ್ತಿಯನ್ನು ಅಳವಡಿಸಿಯೂ ಸೇವೆಗಳನ್ನು ಮರುಪ್ರಾರಂಭಿಸದ ಸರ್ವರ್‌ಗಳಿಗೆ ಅಪಾಯ ತಪ್ಪಿರಲಿಲ್ಲ. ಹೊಸ ಕರ್ನೆಲ್‌ಗಂತೂ ಸಾಮಾನ್ಯವಾಗಿ ಯಂತ್ರವನ್ನೇ ಮರುಚಾಲನೆಗೊಳಿಸಬೇಕು. ಪ್ರಕಟಣೆಯಲ್ಲಿ ಕಾಣುವ ಸೇವಾ ವಿರಾಮದ ಒಂದು ಭಾಗ ಇದಕ್ಕೇ ಸಲ್ಲುತ್ತದೆ.

ದಾಖಲೆ ಇದ್ದೂ ಹುಡುಕಾಟದಲ್ಲಿ ಕಾಣದಿರುವುದು

ಅರ್ಜಿದಾರರ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕಾದ ಸಂಗತಿ ಸೇವೆ ಪುನರಾರಂಭವಾದ ನಂತರದ್ದು. 2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳ ವಿಂಗಡಣಾ ಕ್ರಮವನ್ನು ವ್ಯಾಪಕವಾಗಿ ಪರಿಷ್ಕರಿಸಲಾಯಿತು. ಡೆಬಿಯನ್ 9ರಿಂದ 10ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಏರಿದ ಸರ್ವರ್‌ಗಳಲ್ಲಿ ಈ ಬದಲಾವಣೆ ತಾನಾಗಿ ಬಂದಿತು. ಇಂಗ್ಲಿಷ್ ಲೊಕೇಲ್ ಇರಿಸಿದ ಸರ್ವರ್‌ನಲ್ಲಿ ಪಠ್ಯ ರೂಪದ 1-1 ಮತ್ತು 11 ಎಂಬ ಎರಡು ಸಂಖ್ಯೆಗಳಿದ್ದರೆ ಹಿಂದೆ 11 ಮೊದಲು ಬರುತ್ತಿತ್ತು. ಈಗ 1-1 ಮೊದಲು ಬರುತ್ತದೆ. ಸರ್ವೆ ನಂಬರಿಗೆ ಹಿಸ್ಸಾ ಸೇರಿಸಿ ಬರೆಯುವ ರೂಢಿ ಇರುವಲ್ಲಿ ಇದು ಸಣ್ಣ ವಿಷಯವಲ್ಲ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ದತ್ತಸಂಚಯವು ಹುಡುಕಾಟಕ್ಕೆ ಸೂಚಿಯೊಂದನ್ನು ಇಟ್ಟುಕೊಂಡಿರುತ್ತದೆ. ರೆಕಾರ್ಡು ಕೊಠಡಿಯ ಅಕಾರಾದಿ ರಿಜಿಸ್ಟರನ್ನು ಇದಕ್ಕೆ ಹೋಲಿಸಬಹುದು. ರಿಜಿಸ್ಟರನ್ನು ಹಳೆಯ ಕ್ರಮದಲ್ಲಿ ಬರೆದಿದ್ದು, ಹುಡುಕುವ ಗುಮಾಸ್ತರು ಹೊಸ ಕ್ರಮವನ್ನು ಅನುಸರಿಸಿದರೆ ತಪ್ಪು ಪುಟ ತೆರೆದು ಹೆಸರಿಲ್ಲವೆಂದು ಹೇಳುವುದು ಸಹಜ. ಮೂಲ ಕಡತ ಕಪಾಟಿನಲ್ಲಿಯೇ ಇರುತ್ತದೆ. ಇದಕ್ಕಿಂತ ಗಂಭೀರವಾದ ಪರಿಣಾಮವೂ ಉಂಟು: ಇರುವ ನಮೂದು ಕಾಣದ ಕಾರಣ ಅದೇ ಸಂಖ್ಯೆಯ ಎರಡನೇ ನಮೂದಿಗೆ ವ್ಯವಸ್ಥೆಯು ಅವಕಾಶ ಕೊಡಬಹುದು. ಸೇವೆಯನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಸೂಚಿಗಳನ್ನು ಹೊಸದಾಗಿ ರಚಿಸುವುದೇ ಇದಕ್ಕೆ ಪರಿಹಾರ. ಇದು ತಾಂತ್ರಿಕ ಸಾಧ್ಯತೆಯ ವಿವರಣೆಯೇ ಹೊರತು ಮೇಲ್ಕಂಡ ಯಾವುದೇ ಸೇವೆಯಲ್ಲಿ ಸಂಭವಿಸಿದ ಪ್ರಕರಣದ ವರದಿಯಲ್ಲ.

ಕನ್ನಡದ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಬೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ, ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಉಳಿಸಬಹುದು. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಮೂಡುಬಿದಿರೆ ಮತ್ತು ಮೂಡಬಿದ್ರಿ ಎಂಬ ಕಾಗುಣಿತಗಳಂತೂ ಓದುವವರ ಕಣ್ಣಿಗೇ ಭಿನ್ನವಾಗಿವೆ.

ಅರ್ಜಿದಾರರು ಗಮನಿಸಬೇಕಾದುದು

ಉನ್ನತೀಕರಣದ ಮುನ್ನ ಸಲ್ಲಿಸಿದ ಅರ್ಜಿಯ ಸ್ವೀಕೃತಿಯನ್ನು ಮುದ್ರಿಸಿ ಇಟ್ಟುಕೊಳ್ಳತಕ್ಕದ್ದು. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಸ್ವೀಕೃತಿಯ ಮೇಲೆ 15 ಅಂಕಿಗಳ ಸಂಖ್ಯೆ ಇರುತ್ತದೆ. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗಿನ ಪರಿಹಾರ ಕೋರುವಾಗಲೂ ಈ ಸಂಖ್ಯೆಯೇ ಆಧಾರ. ಶುಲ್ಕ ಖಾತೆಯಿಂದ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ ಕೂಡಲೇ ಎರಡನೇ ಬಾರಿ ಪಾವತಿಸದೆ, ವಹಿವಾಟು ಸಂಖ್ಯೆಯೊಂದಿಗೆ ಸ್ಥಿತಿಯನ್ನು ಪರಿಶೀಲಿಸುವುದು.

ಪುನರಾರಂಭದ ನಂತರ ಹೆಸರಿನ ಮೂಲಕ ದಾಖಲೆ ಕಾಣದಿದ್ದಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್ ಮತ್ತು ಹಿಸ್ಸಾ ಕ್ರಮದಲ್ಲಿ ಹುಡುಕುವುದು ಸೂಕ್ತ. ಮೂಡುಬಿದಿರೆ ಪ್ರತ್ಯೇಕ ತಾಲೂಕಾಗುವ ಮುನ್ನ ಮಂಗಳೂರು ತಾಲೂಕಿಗೆ ಸೇರಿತ್ತಾದ್ದರಿಂದ ಹಳೆಯ ಪಹಣಿಯಲ್ಲಿ ಮಂಗಳೂರು ತಾಲೂಕು ಎಂದೇ ಇರುತ್ತದೆ. ಆಗಲೂ ದೊರೆಯದಿದ್ದರೆ, ಹೊಸ ನಮೂದಿಗಾಗಿ ಅರ್ಜಿ ಸಲ್ಲಿಸುವ ಬದಲು ಹಳೆಯ ಪಹಣಿ ಅಥವಾ ಮ್ಯುಟೇಶನ್ ಪ್ರತಿಯನ್ನು ಲಗತ್ತಿಸಿ, ದಾಖಲೆ ಕಾಣದ ದಿನಾಂಕ ಮತ್ತು ವೇಳೆಯನ್ನು ನಮೂದಿಸಿ ತಹಶೀಲ್ದಾರರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.