ಮೂಲವೋ, ನಕಲೋ: ಫಂಕ್ಷನ್ ಪ್ಯಾರಾಮೀಟರ್‌ಗಳ ಚರಿತ್ರೆ

ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವಿರಲಿ, ಬಳ್ಳಾರಿಯ ಕಾಲೇಜುಗಳಿರಲಿ, ಸಿ ಭಾಷೆ ಕಲಿಯಲು ಕೂತವರಿಗೆ ‘ಸ್ವಾಪ್’ ಪ್ರೋಗ್ರಾಂ ತಪ್ಪಿದ್ದಲ್ಲ. ಎರಡು ಸಂಖ್ಯೆಗಳನ್ನು ಫಂಕ್ಷನ್‌ಗೆ ಕೊಟ್ಟು ಅದಲುಬದಲು ಮಾಡಿಸಿದರೂ ಹೊರಗೆ ಬಂದು ನೋಡಿದಾಗ ಅವು ಇದ್ದಲ್ಲೇ ಇರುತ್ತವೆ. ಪಾಯಿಂಟರ್ (ಅವುಗಳ ವಿಳಾಸ) ಕೊಟ್ಟರೆ ಮಾತ್ರ ಬದಲಾಗುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಪುಟ್ಟ ಪ್ರೋಗ್ರಾಂ ಹಿಂದೆ ಏಳು ದಶಕಗಳ ವಾದವಿದೆ: ಕೊಟ್ಟ ವಸ್ತುವನ್ನು ತಿದ್ದುವ ಹಕ್ಕು ಯಾರದು? ಅದನ್ನು ಎಲ್ಲಿ ಬರೆದಿಡಬೇಕು?

ಕೇಂಬ್ರಿಡ್ಜ್‌ನ ಎಡ್‌ಸ್ಯಾಕ್ ಗಣಕ 1949ರ ಮೇ 6ರಂದು ಕೆಲಸ ಆರಂಭಿಸಿತು. ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ 1951ರಲ್ಲಿ ತಂದ ಪುಸ್ತಕದಲ್ಲಿ ಸಬ್‌ರೂಟೀನ್‌ಗೆ ಪ್ಯಾರಾಮೀಟರ್ ಕೊಡುವ ಕ್ರಮ ಆಗಲೇ ಇತ್ತು. ಕರೆಯುವ ಆದೇಶದ ಬೆನ್ನಿಗೇ ಬೇಕಾದ ಮೌಲ್ಯಗಳನ್ನು ಇಡುವುದು ಅದರಲ್ಲೊಂದು ದಾರಿ. ಅಲ್ಲಿ ಘೋಷಣೆ ಎಂಬುದಿರಲಿಲ್ಲ. ಎಲ್ಲವೂ ಪ್ರೋಗ್ರಾಂ ಬರೆಯುವವರ ನೆನಪಿನ ಮೇಲೆ ನಿಂತಿತ್ತು.

1958ರ ಫೋರ್ಟ್ರಾನ್–2 ಸಬ್‌ರೂಟೀನ್‌ಗಳನ್ನು ಭಾಷೆಯೊಳಗೇ ತಂದಿತು. ವಾಡಿಕೆಯಲ್ಲಿ ಅದು ದಾಟಿಸುತ್ತಿದ್ದದ್ದು ಮೌಲ್ಯವನ್ನಲ್ಲ, ಅದರ ವಿಳಾಸವನ್ನು. ಹಾಗಾಗಿ ಕೆಲವು ಹಳೆಯ ಕಂಪೈಲರ್‌ಗಳಲ್ಲಿ 2 ಎಂಬ ಸ್ಥಿರಾಂಕವನ್ನು ಕೊಟ್ಟು, ಒಳಗೆ ಆ ಪ್ಯಾರಾಮೀಟರ್‌ಗೆ 3 ಎಂದು ತುಂಬಿದರೆ, ಮುಂದಿನ ಲೆಕ್ಕಗಳಲ್ಲಿ ಎರಡು ಹೋಗಿ ಮೂರಾಗುತ್ತಿತ್ತು!

ಆಲ್ಗಾಲ್ 60 ಬೇರೆ ದಾರಿ ಹಿಡಿದು ಇನ್ನೊಂದು ಒಗಟನ್ನು ಹುಟ್ಟುಹಾಕಿತು. ‘ವ್ಯಾಲ್ಯೂ’ ಎಂದು ಬರೆದರೆ ನಕಲು. ಬರೆಯದಿದ್ದರೆ ‘ಕಾಲ್ ಬೈ ನೇಮ್’, ಅಂದರೆ ಕೊಟ್ಟ ಉಕ್ತಿಯನ್ನು ಬಳಸಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕುವುದು. ದೋಣಿಮಲೈ ಗಣಿಯಿಂದ ಹೊರಟ ಒಂದು ರೇಕ್ ಅದಿರಿನ ದಾಖಲೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. i ಎಂಬುದು ವ್ಯಾಗನ್ ಸಂಖ್ಯೆ, ಅದು 3. ಮೂರನೇ ವ್ಯಾಗನ್‌ನ ತೂಕ 58 ಟನ್. ಇವೆರಡನ್ನೂ ಆಲ್ಗಾಲ್‌ನ ಸ್ವಾಪ್‌ಗೆ ಕೊಟ್ಟರೆ ಮೊದಲು i ಬದಲಾಗಿ 58 ಆಗುತ್ತದೆ. ಆಮೇಲೆ ‘i–ನೇ ವ್ಯಾಗನ್’ ಎಂದರೆ 58ನೆಯದು. 3 ಎಂಬ ಸಂಖ್ಯೆ ಅಲ್ಲಿ ಹೋಗಿ ಕೂರುತ್ತದೆ. ಮೂರನೇ ವ್ಯಾಗನ್ ಹಾಗೆಯೇ ಉಳಿಯುತ್ತದೆ. ಇದೇ ಗುಣವನ್ನು ಡೆನ್ಮಾರ್ಕಿನ ಯೋರ್ನ್ ಯೆನ್ಸನ್ ಜಾಣತನದಿಂದ ಬಳಸಿ, ಯಾವ ಸರಣಿಯನ್ನಾದರೂ ಕೂಡಬಲ್ಲ ಒಂದೇ ಫಂಕ್ಷನ್ ಬರೆದು ತೋರಿಸಿದರು.

ಆಬ್ಜೆಕ್ಟ್‌ಗಳು ಬಂದದ್ದು ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67ರೊಂದಿಗೆ. ಇಡೀ ರೇಕ್ ಈಗ ಒಂದೇ ಆಬ್ಜೆಕ್ಟ್: ವ್ಯಾಗನ್‌ಗಳ ಪಟ್ಟಿ, ತೂಕ, ಅದಿರಿನ ಕಬ್ಬಿಣದ ಅಂಶ ಎಲ್ಲವೂ ಅದರಲ್ಲಿವೆ. ಬಾಡಿಗೆ ಲೆಕ್ಕಕ್ಕೆಂದು ಪ್ರತಿ ಸಲವೂ ಇದನ್ನೆಲ್ಲ ನಕಲು ಮಾಡುವುದು ದುಬಾರಿ. 1970ರ ದಶಕದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ತಮ್ಮ ಸಿಎಲ್‌ಯು ಭಾಷೆಯಲ್ಲಿ, ನಕಲು ಮಾಡದೆ ಆಬ್ಜೆಕ್ಟನ್ನೇ ಹಂಚಿಕೊಳ್ಳುವ ಕ್ರಮಕ್ಕೆ ‘ಕಾಲ್ ಬೈ ಶೇರಿಂಗ್’ ಎಂದು ಹೆಸರಿಟ್ಟರು. ಕರೆದವರೂ ಕರೆಸಿಕೊಂಡವರೂ ಒಂದೇ ಆಬ್ಜೆಕ್ಟನ್ನು ಕಾಣುತ್ತಾರೆ. ಒಳಗಿನ ತೂಕ ತಿದ್ದಿದರೆ ಹೊರಗೂ ತಿಳಿಯುತ್ತದೆ. ಆದರೆ ಪ್ಯಾರಾಮೀಟರ್‌ಗೆ ಬೇರೊಂದು ರೇಕನ್ನೇ ಅಂಟಿಸಿದರೆ ಹೊರಗಿನವರಿಗೆ ಏನೂ ಆಗದು. ಇಂದಿನ ಜಾವಾ, ಪೈಥಾನ್‌ಗಳ ಆಬ್ಜೆಕ್ಟ್‌ಗಳು ನಡೆದುಕೊಳ್ಳುವುದೂ ಹೀಗೆಯೇ.

ಘೋಷಣೆಯ ಕಥೆ ಬೇರೆ. 1978ರ ಕೆರ್ನಿಗನ್–ರಿಚಿ ಪುಸ್ತಕದ ಸಿ ಭಾಷೆಯಲ್ಲಿ ಆವರಣದೊಳಗೆ ಬರೀ ಹೆಸರು, ಪ್ಯಾರಾಮೀಟರ್‌ಗಳ ಬಗೆ (ಟೈಪ್) ಅದರಾಚೆ. ಕೊಟ್ಟದ್ದು ಸರಿಯೇ ಎಂದು ಕಂಪೈಲರ್ ಕೇಳುತ್ತಿರಲಿಲ್ಲ. ವರ್ಗಮೂಲದ ಫಂಕ್ಷನ್‌ಗೆ ದಶಮಾಂಶದ ಬದಲು ಪೂರ್ಣಾಂಕ 2 ಕೊಟ್ಟರೆ ಅಸಂಬದ್ಧ ಉತ್ತರ ಬರುತ್ತಿತ್ತು. ಇಂಥ ತಪ್ಪು ಹಿಡಿಯಲು ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ಪ್ರತ್ಯೇಕ ಸಾಧನವನ್ನೇ ಬರೆದರು. ಅದೇ ಸಂಸ್ಥೆಯ ಬ್ಯಾರ್ನೆ ಸ್ಟ್ರೌಸ್ಟ್ರಪ್ ತಾವು ರೂಪಿಸಿದ ಸಿ++ ಭಾಷೆಯಲ್ಲಿ ಪ್ಯಾರಾಮೀಟರ್ ಬಗೆಯನ್ನು ಆವರಣದೊಳಗೆ ತಂದರು; 1989ರ ಆನ್ಸಿ ಸಿ ಆ ಪದ್ಧತಿಯನ್ನು ಸಿ++ನಿಂದ ಎರವಲು ಪಡೆಯಿತು.

ಸ್ಟ್ರೌಸ್ಟ್ರಪ್ ಸಿ++ಗೆ ರೆಫರೆನ್ಸ್‌ಗಳನ್ನೂ (ಮೂಲ ವಸ್ತುವಿಗೇ ಇನ್ನೊಂದು ಹೆಸರು) ಸೇರಿಸಿದರು. ಅದರಲ್ಲೂ ಒಂದು ಎಡವಟ್ಟಾಯಿತು. ದಶಮಾಂಶದ ರೆಫರೆನ್ಸ್ ಕೇಳುವ ಫಂಕ್ಷನ್‌ಗೆ ಪೂರ್ಣಾಂಕ ಕೊಟ್ಟರೆ ಕಂಪೈಲರ್ ಗುಟ್ಟಾಗಿ ತಾತ್ಕಾಲಿಕ ನಕಲು ಮಾಡುತ್ತಿತ್ತು. ತಿದ್ದುಪಡಿಯೆಲ್ಲ ಆ ನಕಲಿನ ಪಾಲಾಗುತ್ತಿತ್ತು. 1989ರ ಆವೃತ್ತಿ ಇದನ್ನು ನಿಷೇಧಿಸಿತು. ‘ಕಾನ್ಸ್ಟ್’ ಎಂದು ಘೋಷಿಸಿದ ರೆಫರೆನ್ಸ್‌ಗೆ ಮಾತ್ರ ವಿನಾಯಿತಿ. ಬಾಡಿಗೆ ಲೆಕ್ಕದ ಫಂಕ್ಷನ್‌ಗೆ ಬೇಕಾದದ್ದೂ ಇದೇ: ರೇಕನ್ನು ನಕಲು ಮಾಡದೆ ನೋಡಬಹುದು, ತೂಕವನ್ನು ಮುಟ್ಟುವಂತಿಲ್ಲ.

ಇಂಥ ನಿಯಮಗಳನ್ನು ಕಾಯುವ ಕಂಪೈಲರ್‌ಗಳ ವಿದ್ಯೆಗೆ ಕರ್ನಾಟಕದಲ್ಲೂ ನೆಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು.

ಸಿ ಭಾಷೆಯಲ್ಲಿ ‘ಕಾಲ್ ಬೈ ರೆಫರೆನ್ಸ್’ ಇದೆ ಎಂಬ ಪಾಠವನ್ನು ಇನ್ನಾದರೂ ಕೈಬಿಡಬೇಕು. ಅಲ್ಲಿ ದಾಟುವುದು ಯಾವಾಗಲೂ ಮೌಲ್ಯವೇ. ಪಾಯಿಂಟರ್ ಕೊಟ್ಟಾಗ ವಿಳಾಸವೇ ಆ ಮೌಲ್ಯ. ಸ್ವಾಪ್ ಮುಗಿದ ಮೇಲೆ ಅಧ್ಯಾಪಕರು ಪ್ರಯೋಗಾಲಯದಲ್ಲಿ ಕಾನ್ಸ್ಟ್ ಪ್ಯಾರಾಮೀಟರ್ ಇರುವ ಫಂಕ್ಷನ್ ಒಂದನ್ನೂ ಬರೆಸಲಿ. ಬಗೆಯನ್ನು ಆವರಣದೊಳಗೇ ಬರೆಸಲಿ: ಅದರಾಚೆ ಬರೆಯುವ 1978ರ ಪದ್ಧತಿಯನ್ನು ಸಿ23 ಪ್ರಮಾಣಕ ಈಗಾಗಲೇ ಭಾಷೆಯಿಂದ ತೆಗೆದುಹಾಕಿದೆ.